ನೆರೆಯವರನ್ನು ಕಾಯುವ ಹೊಣೆ ಯಾರದು?

ಅಮೆರಿಕಕ್ಕೆ ಬಂದು ನೆಲೆಸುವ ಪ್ರತಿಯೊಂದು ಕುಟುಂಬವೂ ಮೊದಲ ವಾರದಲ್ಲೇ ಬಾಯಿಪಾಠ ಮಾಡಿಕೊಳ್ಳುವ ಸಂಖ್ಯೆಯೊಂದಿದೆ. ಅದು 911. ಮನೆಗೆ ಬೆಂಕಿ ಬಿದ್ದರೆ, ಎದೆನೋವು ಕಾಣಿಸಿಕೊಂಡರೆ, ಕಳ್ಳ ಒಳನುಗ್ಗಿದರೆ ಈ ಮೂರು ಅಂಕಿಗಳನ್ನು ಒತ್ತಬೇಕೆಂದು ಶಾಲೆಯ ಪುಟ್ಟ ಮಕ್ಕಳಿಗೂ ಇಲ್ಲಿ ಹೇಳಿಕೊಡುತ್ತಾರೆ. ಕರ್ನಾಟಕದ ಕರಾವಳಿಯಿಂದ ಷಿಕಾಗೊ ನಗರಕ್ಕೆ ಬಂದ ನಾವೂ ಹಾಗೆಯೇ ಕಲಿತೆವು. ಕರೆ ಮಾಡಿದ ಕೆಲವೇ ನಿಮಿಷಗಳಲ್ಲಿ ನೆರವು ಬಾಗಿಲಿಗೆ ಬರುತ್ತದೆ ಎಂಬ ಭರವಸೆ ಪರದೇಶದಲ್ಲಿ ಬದುಕುವವರಿಗೆ ದೊಡ್ಡ ನೆಮ್ಮದಿ. ಆದರೆ ಇದೇ ನಗರದಲ್ಲಿ, ನಮ್ಮದೇ ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಮಾಝ್ ನಿರ್ವಹಿಸುವ ಅನೇಕರಿಗೆ ಆ ಸಂಖ್ಯೆ ಅಂತಹ ನೆಮ್ಮದಿಯನ್ನು ಕೊಡುವುದಿಲ್ಲ ಎಂಬುದು ನಮಗೆ ತಿಳಿದದ್ದು ತಡವಾಗಿ.

ಮೊದಲಿಗೆ ನಾವು ವಾಸವಿದ್ದದ್ದು ನಗರದ ಉತ್ತರ ಭಾಗದ ಡೆವಾನ್ ಅವೆನ್ಯೂ ಸಮೀಪ. ಹೈದರಾಬಾದಿ ಹೋಟೆಲುಗಳು, ಹಲಾಲ್ ಮಾಂಸದಂಗಡಿಗಳು, ಸೀರೆ-ಸಲ್ವಾರಿನ ಮಳಿಗೆಗಳು ಸಾಲುಗಟ್ಟಿರುವ ಆ ಬೀದಿಯಲ್ಲಿ ಊರು ಬಿಟ್ಟು ಬಂದ ಭಾವ ಅಷ್ಟಾಗಿ ಕಾಡುವುದಿಲ್ಲ. ಮುಂದೆ ಉದ್ಯೋಗದ ನಿಮಿತ್ತ ನಗರದ ದಕ್ಷಿಣ ಭಾಗಕ್ಕೆ ಹೋಗಬೇಕಾಗಿ ಬಂದಾಗ ಜುಮಾ ನಮಾಝ್‌ಗೆ ಅಲ್ಲಿನ ಮಸೀದಿಯೊಂದಕ್ಕೆ ಹೋಗತೊಡಗಿದೆವು. ಅಲ್ಲಿ ಸೇರುವವರಲ್ಲಿ ಹೆಚ್ಚಿನವರು ಕಪ್ಪುವರ್ಣೀಯ ಮುಸ್ಲಿಮರು. ಒಂದು ರಮಝಾನಿನ ಇಫ್ತಾರ್ ಕೂಟದಲ್ಲಿ ಮಾತು ಬೀದಿಯ ಸುರಕ್ಷತೆಯತ್ತ ಹೊರಳಿತು. ರಾತ್ರಿ ನಿಮ್ಮ ಬೀದಿಯಲ್ಲಿ ಹುಡುಗರ ಜಗಳ ಎದ್ದರೆ ಏನು ಮಾಡುತ್ತೀರಿ ಎಂದು ಹಿರಿಯರೊಬ್ಬರು ಕೇಳಿದರು. 911ಕ್ಕೆ ಕರೆ ಮಾಡುತ್ತೇವೆ ಎಂದೆವು. ಅವರು ಖರ್ಜೂರದ ತಟ್ಟೆಯನ್ನು ನಮ್ಮತ್ತ ಸರಿಸುತ್ತಾ, "ನಾವು ಮೊದಲು ಆ ಹುಡುಗನ ತಾಯಿಗೆ ಕರೆ ಮಾಡುತ್ತೇವೆ, ಸಹೋದರ" ಎಂದರು.

ಆ ಮಾತಿನಲ್ಲಿ ಎರಡು ಸಂಗತಿಗಳಿದ್ದವು. ಒಂದು, ಪೊಲೀಸರ ಮೇಲಿನ ಅಪನಂಬಿಕೆ. ಇನ್ನೊಂದು, ಜಗಳವಾಡುವ ಹುಡುಗನ ತಾಯಿ ಯಾರೆಂದು ಗೊತ್ತಿರುವಷ್ಟು ನೆರೆಯ ಪರಿಚಯ. ಮೊದಲನೆಯದನ್ನು ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ಎರಡನೆಯದನ್ನು ಕುರಿತು ನಾವು ಯೋಚಿಸಿದ್ದು ಕಡಿಮೆ.

ಅಪನಂಬಿಕೆಯ ಕಾರಣಗಳನ್ನು ಹುಡುಕಲು ಷಿಕಾಗೊ ಬಿಟ್ಟು ದೂರ ಹೋಗಬೇಕಿಲ್ಲ. ಇಲ್ಲಿನ ಪೊಲೀಸ್ ಅಧಿಕಾರಿ ಜಾನ್ ಬರ್ಜ್ ಮತ್ತು ಅವನ ಕೈಕೆಳಗಿನವರು 1972ರಿಂದ 1991ರವರೆಗೆ ನೂರಕ್ಕೂ ಹೆಚ್ಚು ಮಂದಿಯನ್ನು, ಅವರಲ್ಲಿ ಬಹುತೇಕರು ಕಪ್ಪುವರ್ಣೀಯರು, ಚಿತ್ರಹಿಂಸೆಗೆ ಗುರಿಪಡಿಸಿದರು. ವಿದ್ಯುತ್ ಶಾಕ್ ಕೊಟ್ಟು, ಮುಖಕ್ಕೆ ಚೀಲ ಬಿಗಿದು ತಪ್ಪೊಪ್ಪಿಗೆಗಳನ್ನು ಬರೆಯಿಸಿಕೊಂಡರು. ದಶಕಗಳ ಹೋರಾಟದ ಬಳಿಕ 2015ರಲ್ಲಿ ನಗರಸಭೆಯು ಸಂತ್ರಸ್ತರಿಗೆ 55 ಲಕ್ಷ ಡಾಲರ್ ಪರಿಹಾರ ನೀಡಲು ಒಪ್ಪಿತು. ಈ ಇತಿಹಾಸವನ್ನು ನಗರದ ಸರಕಾರಿ ಶಾಲೆಗಳಲ್ಲಿ ಎಂಟನೆಯ ಮತ್ತು ಹತ್ತನೆಯ ತರಗತಿಗಳಲ್ಲಿ ಕಲಿಸಬೇಕೆಂದೂ ನಿರ್ಣಯಿಸಿತು. ನಮ್ಮ ಮಗ ಎಂಟನೆಯ ತರಗತಿಯಲ್ಲಿ ಆ ಪಾಠವನ್ನು ಕೇಳಿ ಬಂದ ದಿನ ಊಟದ ಹೊತ್ತಿನಲ್ಲಿ ಮಾತು ಬೇರೆ ಕಡೆಗೆ ಹೋಗಲಿಲ್ಲ. ಅವನ ಸಹಪಾಠಿಯೊಬ್ಬನ ತಾತನ ಪಾಲಿಗೆ ಅದು ಪಾಠವಲ್ಲ, ತಾನು ಬೆಳೆದ ಬೀದಿಯ ನೆನಪು.

2014ರ ಅಕ್ಟೋಬರ್‌ನಲ್ಲಿ ಇದೇ ನಗರದಲ್ಲಿ ಹದಿನೇಳು ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ ಹುಡುಗನ ಮೇಲೆ ಪೊಲೀಸನೊಬ್ಬ ಹದಿನಾರು ಗುಂಡು ಹಾರಿಸಿದ. ಅದರ ವಿಡಿಯೊ ಸಾರ್ವಜನಿಕರ ಕಣ್ಣಿಗೆ ಬೀಳಲು ಹದಿಮೂರು ತಿಂಗಳು ಬೇಕಾಯಿತು. ಕೊಲೆಯಷ್ಟೇ ನೋವು ಕೊಟ್ಟದ್ದು ಆ ಹದಿಮೂರು ತಿಂಗಳ ಮೌನ.

ಇವು ಪೊಲೀಸರು ತಾವಾಗಿ ಮಾಡಿದ ಕೃತ್ಯಗಳು ಎನ್ನಬಹುದು. ನೆರವಿಗೆಂದೇ ಕರೆದಾಗ ಆದದ್ದನ್ನು ನೋಡಿ. ಟೆಕ್ಸಾಸ್‌ನ ಫೋರ್ಟ್ ವರ್ತ್ ನಗರದಲ್ಲಿ 2019ರ ಅಕ್ಟೋಬರ್‌ನ ಒಂದು ರಾತ್ರಿ ಅಟಾಟಿಯಾನಾ ಜೆಫರ್ಸನ್ ಎಂಬ ಯುವತಿಯ ಮನೆಯ ಬಾಗಿಲು ತೆರೆದೇ ಇತ್ತು. ಏನಾದರೂ ತೊಂದರೆಯಾಗಿದೆಯೋ ಎಂದು ಕಾಳಜಿಯಿಂದ ನೆರೆಮನೆಯವರು ಪೊಲೀಸರಿಗೆ ತಿಳಿಸಿದರು. ಒಳಗೆ ಆಕೆ ಎಂಟು ವರ್ಷದ ಸೋದರಳಿಯನೊಂದಿಗೆ ವಿಡಿಯೊ ಗೇಮ್ ಆಡುತ್ತಿದ್ದಳು. ಹಿತ್ತಲಿನಿಂದ ಬಂದ ಅಧಿಕಾರಿ ಕಿಟಕಿಯ ಮೂಲಕ ಗುಂಡು ಹಾರಿಸಿ ಆಕೆಯನ್ನು ಕೊಂದ. 2024ರ ಜುಲೈನಲ್ಲಿ ನಮ್ಮದೇ ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸೋನ್ಯಾ ಮ್ಯಾಸಿ ಎಂಬ ತಾಯಿ, ಮನೆಯ ಸುತ್ತ ಯಾರೋ ಸುಳಿದಾಡುತ್ತಿದ್ದಾರೆಂಬ ಭಯದಿಂದ 911ಕ್ಕೆ ಕರೆ ಮಾಡಿದಳು. ಬಂದ ಸಿಬ್ಬಂದಿಯಲ್ಲೊಬ್ಬ, ಒಲೆಯ ಮೇಲಿದ್ದ ಬಿಸಿನೀರಿನ ಪಾತ್ರೆಯ ನೆಪದಲ್ಲಿ, ಆಕೆಯ ಅಡುಗೆಮನೆಯಲ್ಲೇ ಆಕೆಗೆ ಗುಂಡು ಹೊಡೆದ. ಎರಡೂ ಪ್ರಕರಣಗಳಲ್ಲಿ ನ್ಯಾಯಾಲಯಗಳು ಗುಂಡು ಹಾರಿಸಿದವರನ್ನು ಅಪರಾಧಿಗಳೆಂದು ತೀರ್ಮಾನಿಸಿದವು. ಆದರೆ ಫೋರ್ಟ್ ವರ್ತ್‌ನ ನೆರೆಯವರ ಸ್ಥಿತಿಯನ್ನು ಊಹಿಸಿ. ನೆರೆಯವರ ಬಗ್ಗೆ ಕಾಳಜಿ ವಹಿಸುವುದೇ ನೆರೆಯವರ ಪ್ರಾಣಕ್ಕೆ ಕುತ್ತಾಗುವುದಾದರೆ ಒಬ್ಬ ಸಜ್ಜನ ಏನು ಮಾಡಬೇಕು?

ಹಾಗೆಂದು ಕಪ್ಪುವರ್ಣೀಯರಿಗೆ ಪೊಲೀಸರೇ ಬೇಡ ಎಂದು ತಿಳಿಯುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯ. 2020ರಲ್ಲಿ, ಪ್ರತಿಭಟನೆಗಳು ಕಾವೇರಿದ್ದ ದಿನಗಳಲ್ಲೇ, ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಶೇ. 81ರಷ್ಟು ಕಪ್ಪುವರ್ಣೀಯರು ತಮ್ಮ ಪ್ರದೇಶದಲ್ಲಿ ಪೊಲೀಸರು ಈಗಿನಷ್ಟೇ ಅಥವಾ ಇನ್ನೂ ಹೆಚ್ಚು ಹೊತ್ತು ಇರಬೇಕೆಂದರು. ಅವರ ದೂರು ಎರಡು ಬಗೆಯದು. ಕರೆಯದಿದ್ದಾಗ ಬಂದು ಕಾಡುತ್ತಾರೆ, ಮಗ ಕೊಲೆಯಾದಾಗ ಕೊಲೆಗಾರನನ್ನು ಹಿಡಿಯುವುದಿಲ್ಲ. ಈ ಎರಡರ ನಡುವೆ ಸಿಲುಕಿದ ಮನುಷ್ಯ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಾನೆ. ಮಿಲ್ವಾಕಿ ನಗರದಲ್ಲಿ 2004ರಲ್ಲಿ ರಜೆಯಲ್ಲಿದ್ದ ಪೊಲೀಸರ ಗುಂಪೊಂದು ಫ್ರಾಂಕ್ ಜೂಡ್ ಎಂಬವನನ್ನು ಮರಣಾಂತಿಕವಾಗಿ ಥಳಿಸಿದ ಸುದ್ದಿ ಮರುವರ್ಷ ಪತ್ರಿಕೆಯಲ್ಲಿ ಹೊರಬಂದ ಮೇಲೆ 911ಕ್ಕೆ ಬರುವ ಕರೆಗಳು ಸುಮಾರು 22,000ದಷ್ಟು ಕಡಿಮೆಯಾದವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಲೆಕ್ಕ ಹಾಕಿತು. ಆ ಲೆಕ್ಕವನ್ನು ಅನಂತರ ಬೇರೆ ಸಂಶೋಧಕರು ಪ್ರಶ್ನಿಸಿದ್ದಾರೆ. ಅಂಕಿಯ ಚರ್ಚೆ ವಿದ್ವಾಂಸರಿಗಿರಲಿ. ಫೋನು ಕೆಳಗಿಟ್ಟ ಕೈಗಳು ಸುಮ್ಮನೆ ಕುಳಿತವೇ, ಬೇರೇನಾದರೂ ಮಾಡಿದವೇ ಎಂಬುದು ನಮಗೆ ಮುಖ್ಯ.

ಬೇರೇನೋ ಮಾಡಿದವು. ಪಿಟ್ಸ್‌ಬರ್ಗ್ ನಗರದ ಉದಾಹರಣೆಯನ್ನೇ ನೋಡಿ. 1960ರ ದಶಕದಲ್ಲಿ ಅಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದದ್ದು ಪೊಲೀಸ್ ವ್ಯಾನು. ಆ ವ್ಯಾನಿನಲ್ಲಿ ಚಿಕಿತ್ಸೆ ಬಲ್ಲವರಿರಲಿಲ್ಲ. ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪುವರ್ಣೀಯರ ಬಡಾವಣೆಯಲ್ಲಿ ಹೃದಯಾಘಾತವಾದವನ ಮನೆಯವರು ವ್ಯಾನಿಗೆ ಹೇಳಿ ಕಳುಹಿಸಲೂ ಹಿಂಜರಿಯುತ್ತಿದ್ದರು, ಹೇಳಿದರೂ ಅದು ಸಕಾಲಕ್ಕೆ ಬರುತ್ತದೆಂಬ ಖಾತರಿಯಿರಲಿಲ್ಲ. 1967ರಲ್ಲಿ ಆ ಬಡಾವಣೆಯ ನಿರುದ್ಯೋಗಿ ಯುವಕರನ್ನು ಆಯ್ದು, ಡಾ. ಪೀಟರ್ ಸಫರ್ ಎಂಬ ವೈದ್ಯರ ಮಾರ್ಗದರ್ಶನದಲ್ಲಿ ತರಬೇತಿ ನೀಡಿ, ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆಯನ್ನು ಕಟ್ಟಲಾಯಿತು. ಕೆಲಸಕ್ಕೆ ಬಾರದವರೆಂದು ಸಮಾಜ ತಳ್ಳಿಹಾಕಿದ್ದ ಆ ಯುವಕರು ದಾರಿಯಲ್ಲೇ ಜೀವ ಉಳಿಸುವ ವಿದ್ಯೆಯಲ್ಲಿ ಇಡೀ ಅಮೆರಿಕಕ್ಕೆ ಮಾದರಿಯಾದರು. ಇಂದು ದೇಶದಾದ್ಯಂತ ಇರುವ ತುರ್ತು ವೈದ್ಯಕೀಯ ಸೇವೆಯ ಬೇರುಗಳು ಅಲ್ಲಿವೆ. 1975ರಲ್ಲಿ ನಗರಾಡಳಿತವು ತನ್ನದೇ ಸೇವೆಯನ್ನು ಆರಂಭಿಸಿ ಫ್ರೀಡಂ ಹೌಸನ್ನು ಮುಚ್ಚಿಸಿತು. ಅವರ ಕೌಶಲ ಉಳಿಯಿತು, ಅವರಿಗೆ ಸಲ್ಲಬೇಕಾದ ಮನ್ನಣೆ ಬಹುಕಾಲ ಸಿಗಲಿಲ್ಲ.

ಮುಸ್ಲಿಮ್ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ನ್ಯೂಯಾರ್ಕಿನ ಬ್ರೂಕ್ಲಿನ್‌ನದು. ಅಲ್ಲಿನ ಬೆಡ್‌ಫರ್ಡ್-ಸ್ಟೈವಸಂಟ್ ಪ್ರದೇಶದಲ್ಲಿ 1981ರಲ್ಲಿ ಮಸ್ಜಿದುತ್ತಕ್ವಾ ಸ್ಥಾಪನೆಯಾಯಿತು. ಇಮಾಮ್ ಸಿರಾಜ್ ವಹ್ಹಾಜ್ ಅದರ ನೇತೃತ್ವ ವಹಿಸಿದ್ದರು. ಮಸೀದಿಯ ಸುತ್ತಲಿನ ಮನೆಗಳಲ್ಲಿ ಕ್ರ್ಯಾಕ್ ಎಂಬ ಮಾದಕ ವಸ್ತುವಿನ ಮಾರಾಟ ಹಗಲಿರುಳೂ ನಡೆಯುತ್ತಿತ್ತು. ಪೊಲೀಸರು ದಾಳಿ ಮಾಡಿದರೆ ಮಾರಾಟಗಾರರು ಕೆಲವೇ ದಿನಗಳಲ್ಲಿ ಮರಳಿ ಬರುತ್ತಿದ್ದರು. 1988ರ ಚಳಿಗಾಲದಲ್ಲಿ ಮಸೀದಿಯ ಸಹೋದರರು ಒಂದು ತೀರ್ಮಾನಕ್ಕೆ ಬಂದರು. ಪೊಲೀಸರೊಂದಿಗೆ ಮಾತನಾಡಿಕೊಂಡು, ಅವರ ದಾಳಿಗಳಾದ ಮೇಲೆ, ಆ ಮನೆಗಳ ಮುಂದೆ ತಾವೇ ಪಾಳಿಯಲ್ಲಿ ನಿಂತರು. ಕೊರೆಯುವ ಚಳಿಯಲ್ಲಿ ನಲವತ್ತು ಹಗಲು, ನಲವತ್ತು ರಾತ್ರಿ. ಹದಿನೈದು ಮನೆಗಳಲ್ಲಿ ಮಾದಕ ವಸ್ತುವಿನ ವ್ಯಾಪಾರ ನಿಂತಿತು. ಮುಸ್ಲಿಮರಲ್ಲದ ನೆರೆಯವರೂ ಅದರ ಫಲ ಉಂಡರು. ತಾಯಂದಿರು ಮಕ್ಕಳನ್ನು ಮತ್ತೆ ನಿರ್ಭಯವಾಗಿ ಅಂಗಡಿಗೆ ಕಳುಹಿಸುವಂತಾಯಿತು.

ಈ ಕಥೆಗೆ ಇನ್ನೊಂದು ಅಧ್ಯಾಯವಿದೆ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ನ್ಯೂಯಾರ್ಕ್ ಪೊಲೀಸರು ನಗರದ ಮಸೀದಿಗಳ ಮೇಲೆ ಗುಪ್ತ ಕಣ್ಗಾವಲು ಇಟ್ಟಿದ್ದರೆಂದು 2011ರಲ್ಲಿ ಪತ್ರಕರ್ತರು ಬಯಲಿಗೆಳೆದರು. 2013ರಲ್ಲಿ ಅದರ ವಿರುದ್ಧ ಮೊಕದ್ದಮೆ ಹೂಡಿದವರಲ್ಲಿ ಮಸ್ಜಿದುತ್ತಕ್ವಾ ಕೂಡ ಒಂದು. ಯಾವ ಬೀದಿಯನ್ನು ಪೊಲೀಸರಿಗಾಗಿಯೂ ಸೇರಿ ಕಾದರೋ, ಆ ಬೀದಿಯಲ್ಲೇ ಅವರು ಶಂಕಿತರಾದರು. ಮೊಕದ್ದಮೆ ರಾಜಿಯಲ್ಲಿ ಮುಗಿದು, ಧರ್ಮದ ಆಧಾರದ ಮೇಲೆ ತನಿಖೆ ನಡೆಸದಂತೆ ಪೊಲೀಸರಿಗೆ ಕಟ್ಟುಪಾಡುಗಳು ಬಂದವು. ವಿಶ್ವಾಸವೆಂಬುದು ಎರಡೂ ಕಡೆಯಿಂದ ಕಟ್ಟಬೇಕಾದ ಸೇತುವೆ. ಒಂದು ಕಡೆಯವರು ಕಲ್ಲು ಹೊರುವಾಗ ಇನ್ನೊಂದು ಕಡೆಯವರು ಕೀಳುತ್ತಿದ್ದರೆ ಅದು ನಿಲ್ಲುವುದಿಲ್ಲ.

ಷಿಕಾಗೊದಲ್ಲಿ ಈ ಕೆಲಸ ಬೇರೆ ಬೇರೆ ರೂಪಗಳಲ್ಲಿ ನಡೆದಿದೆ. ಸಾಂಕ್ರಾಮಿಕ ರೋಗಗಳ ತಜ್ಞ ಡಾ. ಗ್ಯಾರಿ ಸ್ಲಟ್ಕಿನ್ ಅವರು, ಹಿಂಸೆಯೂ ರೋಗದಂತೆ ಒಬ್ಬರಿಂದೊಬ್ಬರಿಗೆ ಹರಡುತ್ತದೆ, ಆದ್ದರಿಂದ ಹರಡುವ ಮೊದಲೇ ತಡೆಯಬೇಕು ಎಂಬ ವಿಚಾರದ ಮೇಲೆ 2000ದಲ್ಲಿ ಸೀಸ್‌ಫೈರ್ ಎಂಬ ಯೋಜನೆಯನ್ನು ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಬಡಾವಣೆಯಲ್ಲಿ ಆರಂಭಿಸಿದರು. ಅದರ ಕಾರ್ಯಕರ್ತರು ಬೀದಿಯನ್ನು ಬಲ್ಲವರು, ಅವರಲ್ಲಿ ಹಲವರು ಒಂದು ಕಾಲದಲ್ಲಿ ಗ್ಯಾಂಗುಗಳಲ್ಲಿದ್ದವರು. ಸೇಡಿನ ಮಾತು ಕಿವಿಗೆ ಬಿದ್ದ ಕೂಡಲೇ ಆ ಮನೆಗೆ ಹೋಗಿ ಕೂರುವುದು, ಕೋಪ ಇಳಿಯುವವರೆಗೆ ಎದ್ದುಹೋಗದಿರುವುದು ಅವರ ಕೆಲಸ. ಅವರಲ್ಲಿ ಹೆಸರುವಾಸಿಯಾದವರು ಅಮೀನಾ ಮ್ಯಾಥ್ಯೂಸ್. ಹಿಜಾಬ್ ಧರಿಸಿದ ಈ ಮುಸ್ಲಿಮ್ ಮಹಿಳೆ ಪ್ರಸಿದ್ಧ ಗ್ಯಾಂಗ್ ನಾಯಕನ ಮಗಳು. ಕುದಿಯುತ್ತಿರುವ ಯುವಕರ ಗುಂಪಿನ ನಡುವೆ ನಿಂತು ಅವರೊಡನೆ ತಾಯಿಯಂತೆ ಗದರಿ ಮಾತನಾಡುವ ಅವರನ್ನು 2011ರ ಸಾಕ್ಷ್ಯಚಿತ್ರ ದಿ ಇಂಟರಪ್ಟರ್ಸ್ ಜಗತ್ತಿಗೆ ಪರಿಚಯಿಸಿತು.

2015ರಲ್ಲಿ ಎಂಗಲ್‌ವುಡ್‌ನ ಒಂದು ಮೂಲೆಯಲ್ಲಿ ತಾಯಿಯೊಬ್ಬಳ ಕೊಲೆಯಾದಾಗ ಟಮಾರ್ ಮನಸ್ಸೆ ಎಂಬ ಮಹಿಳೆ ಅಲ್ಲಿ ಮಡಚುವ ಕುರ್ಚಿಗಳನ್ನು ಹಾಕಿ ಕುಳಿತರು. ಇತರ ತಾಯಂದಿರೂ ಜೊತೆಗೂಡಿದರು. ಬೇಸಿಗೆಯುದ್ದಕ್ಕೂ ಪ್ರತಿ ಸಂಜೆ ಅಲ್ಲಿ ಅಡುಗೆ, ಮಕ್ಕಳಿಗೆ ಊಟ, ಯುವಕರ ಯೋಗಕ್ಷೇಮದ ವಿಚಾರಣೆ. ತಾಯಂದಿರ ಕಣ್ಣೆದುರು ಬಂದೂಕು ತೆಗೆಯಲು ಹುಡುಗರು ಅಳುಕುತ್ತಾರೆ ಎಂಬುದು ಅವರ ನಂಬಿಕೆ. ಆದರೆ 2019ರ ಜುಲೈನಲ್ಲಿ ಅದೇ ಮೂಲೆಯಲ್ಲಿ, ಅವರೊಂದಿಗೆ ಕೂರುತ್ತಿದ್ದ ಇಬ್ಬರು ತಾಯಂದಿರು ಗುಂಡಿಗೆ ಬಲಿಯಾದರು. ಉಳಿದವರು ಕುರ್ಚಿ ಮಡಚಿ ಮನೆಗೆ ಹೋಗಲಿಲ್ಲ. ಸಮುದಾಯವೇ ಸಮುದಾಯವನ್ನು ಕಾಯಬೇಕು ಎಂದು ಸಲೀಸಾಗಿ ಹೇಳುವ ಮುನ್ನ ಆ ಇಬ್ಬರನ್ನು ನೆನೆಯಬೇಕು. ಈ ಕೆಲಸಕ್ಕೆ ಸಂಬಳ ಬೇಕು, ತರಬೇತಿ ಬೇಕು, ಗಾಯಗೊಂಡವರ ಕುಟುಂಬಕ್ಕೆ ಆಸರೆ ಬೇಕು. ಬರಿಯ ಉತ್ಸಾಹದಿಂದ ನಡೆಯುವ ಕಾವಲು ಹೆಚ್ಚು ದಿನ ಬಾಳುವುದಿಲ್ಲ.

ಆಡಳಿತ ಮನಸ್ಸು ಮಾಡಿದರೆ ದಾರಿಯಿದೆ ಎಂಬುದಕ್ಕೆ ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್ ಸಾಕ್ಷಿ. ಅಲ್ಲಿ 2020ರ ಡಿಸೆಂಬರ್‌ನಲ್ಲಿ ಐದು ದಿನಗಳ ಕಾಲ ಎರಡು ಬೀದಿಗಳಷ್ಟು ಜಾಗದಿಂದ ಸಮವಸ್ತ್ರದ ಪೊಲೀಸರು ಹಿಂದೆ ಸರಿದರು. ಸಣ್ಣಪುಟ್ಟ ದೂರುಗಳಿಗೆ ಬಡಾವಣೆಯ ಕಾರ್ಯಕರ್ತರೇ ಓಗೊಟ್ಟರು. ಈ ವಿಚಾರ ಹುಟ್ಟಿದ್ದು ಪೊಲೀಸ್ ಅಧಿಕಾರಿಯೊಬ್ಬರ ತಲೆಯಲ್ಲಿ ಎಂಬುದು ಗಮನಾರ್ಹ. ಆ ಪ್ರಯೋಗವನ್ನು ಮುಂದೆಯೂ ಹಲವು ಬಾರಿ ನಡೆಸಲಾಯಿತು. ದೊಡ್ಡ ಅಪರಾಧ ನಡೆದರೆ ಮಧ್ಯೆ ಪ್ರವೇಶಿಸಲು ಪೊಲೀಸರು ಮಫ್ತಿಯಲ್ಲಿ ಸಮೀಪದಲ್ಲೇ ಇರುತ್ತಾರೆ.

ಈಗ ವಲಸೆ ಬಂದ ಮುಸ್ಲಿಮರಿಗೆ ನೇರವಾಗಿ ತಾಗುವ ವಿಷಯಕ್ಕೆ ಬರೋಣ. 2020ರ ಮೇ 25ರ ಸಂಜೆ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಸಿಗರೇಟು ಕೊಳ್ಳಲು ಹೋದ ಕಪ್ ಫುಡ್ಸ್ ಅಂಗಡಿ ಪ್ಯಾಲೆಸ್ತೀನ್ ಮೂಲದ ಮುಸ್ಲಿಮ್ ಕುಟುಂಬದ್ದು. ಮೂರು ದಶಕಗಳಿಂದ ಆ ಮೂಲೆಯಲ್ಲಿ ವ್ಯಾಪಾರ ನಡೆಸಿದ ಕುಟುಂಬ ಅದು. ಫ್ಲಾಯ್ಡ್ ಕೊಟ್ಟ 20 ಡಾಲರಿನ ನೋಟು ನಕಲಿಯೆಂಬ ಅನುಮಾನ ಗಲ್ಲಾದಲ್ಲಿದ್ದ ಹತ್ತೊಂಬತ್ತರ ಯುವಕನಿಗೆ ಬಂತು. ನಕಲಿ ನೋಟು ತೆಗೆದುಕೊಂಡರೆ ಅದು ನೌಕರನ ಸಂಬಳದಿಂದ ಕಡಿತವಾಗುತ್ತಿತ್ತೆಂದು ಅವನು ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ. ಹೊರಗೆ ಹೋಗಿ ಫ್ಲಾಯ್ಡ್‌ನನ್ನು ಮಾತನಾಡಿಸಿ ನೋಡಿದರು, ಫಲ ಸಿಗಲಿಲ್ಲ. ಕೊನೆಗೆ ಇನ್ನೊಬ್ಬ ನೌಕರ 911ಕ್ಕೆ ಕರೆ ಮಾಡಿದ. ಪೊಲೀಸನ ಮೊಣಕಾಲು ಫ್ಲಾಯ್ಡ್‌ನ ಕೊರಳ ಮೇಲೆ ಒಂಬತ್ತು ನಿಮಿಷ ಇಪ್ಪತ್ತೊಂಬತ್ತು ಸೆಕೆಂಡು ಊರಿತ್ತು.

ಕೊಂದವನು ಪೊಲೀಸ್, ಕರೆ ಮಾಡಿದವನಲ್ಲ. ಕರೆಯ ಹಿಂದೆ ಯಾವ ದ್ವೇಷವೂ ಇರಲಿಲ್ಲ. ಆದರೂ ಇಪ್ಪತ್ತು ಡಾಲರಿನ ತಕರಾರೊಂದು ಬಂದೂಕು ಧರಿಸಿದವರ ಕೈಗೆ ಹೋಗಬೇಕಿತ್ತೇ ಎಂಬ ಪ್ರಶ್ನೆ ಅಂದಿನಿಂದ ಮುಸ್ಲಿಮ್ ವ್ಯಾಪಾರಿಗಳ ನಡುವೆ ಎದ್ದಿದೆ. ಹಿಂಸೆಯಿಲ್ಲದ ಸಂಗತಿಗಳಿಗೆ ಇನ್ನು ಮುಂದೆ ಪೊಲೀಸರನ್ನು ಕರೆಯುವುದಿಲ್ಲ, ತಾವೇ ಬಗೆಹರಿಸಿಕೊಳ್ಳುತ್ತೇವೆ ಎಂದು ಆ ಅಂಗಡಿಯ ಮಾಲಕರು ಸಾರ್ವಜನಿಕವಾಗಿ ಹೇಳಿದರು.

ಷಿಕಾಗೊದ ದಕ್ಷಿಣ ಭಾಗದಲ್ಲಿಯೂ ಇಂತಹ ಅನೇಕ ಮೂಲೆ ಅಂಗಡಿಗಳು ಅರಬ್ ಮತ್ತು ದಕ್ಷಿಣ ಏಷ್ಯಾ ಮೂಲದ ಮುಸ್ಲಿಮರ ಒಡೆತನದಲ್ಲಿವೆ. ಗುಂಡು ನಿರೋಧಕ ಗಾಜಿನ ಹಿಂದೆ ಕುಳಿತ ವ್ಯಾಪಾರಿ ಗ್ರಾಹಕನಿಂದ ಹಣ ಪಡೆಯುತ್ತಾನೆ, ಹೆಸರು ಕೇಳುವುದಿಲ್ಲ. ಕೆಲವು ಅಂಗಡಿಗಳಲ್ಲಿ ಮದ್ಯವೂ ಲಾಟರಿ ಚೀಟಿಯೂ ಮಾರಾಟಕ್ಕಿವೆ, ತಾಜಾ ತರಕಾರಿ ಇಲ್ಲ. ಸಂಜೆಯಾದರೆ ಕಾರು ಉಪನಗರದ ಮನೆಯತ್ತ ಹೊರಡುತ್ತದೆ. ಈ ಅಂತರವನ್ನು ಕಡಿಮೆ ಮಾಡಲೆಂದೇ ರಾಮಿ ನಶಾಶೀಬಿ ಅವರು 1997ರಲ್ಲಿ ಸ್ಥಾಪಿಸಿದ, ಇಮಾನ್ ಎಂಬ ಹೆಸರಿನಿಂದ ಪರಿಚಿತವಾದ ಸಂಸ್ಥೆ ದುಡಿಯುತ್ತಾ ಬಂದಿದೆ. ಅಂಗಡಿ ಮಾಲಕರನ್ನೂ ಕಪ್ಪುವರ್ಣೀಯ ನೆರೆಯವರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು, ಸೆರೆಮನೆಯಿಂದ ಹೊರಬಂದವರಿಗೆ ಮರಗೆಲಸ, ವಿದ್ಯುತ್ ಕೆಲಸ ಕಲಿಸಿ ಬಡಾವಣೆಯ ಪಾಳುಮನೆಗಳನ್ನು ಅವರಿಂದಲೇ ಎತ್ತಿಸುವುದು ಅದರ ಕಾರ್ಯಗಳಲ್ಲಿ ಕೆಲವು. 2022ರಲ್ಲಿ ಎಂಗಲ್‌ವುಡ್‌ನಲ್ಲಿ ಅದು ತಾಜಾ ಹಣ್ಣು-ತರಕಾರಿಗಳ ಅಂಗಡಿಯನ್ನೂ ತೆರೆಯಿತು. ಹೊಟ್ಟೆಗೆ ಅನ್ನ, ಕೈಗೆ ಕೆಲಸ, ಬೀದಿಯಲ್ಲಿ ಪರಿಚಿತ ಮುಖ ಇವು ಮೂರೂ ಇರುವಲ್ಲಿ ಬಂದೂಕಿಗೆ ಕೆಲಸ ಕಡಿಮೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳಲೇಬೇಕು. ನಮ್ಮವರ ವಿಷಯ ನಾವೇ ನೋಡಿಕೊಳ್ಳುತ್ತೇವೆ ಎಂಬ ಮಾತನ್ನು ದುರ್ಬಲರ ಬಾಯಿ ಮುಚ್ಚಿಸಲೂ ಬಳಸಬಹುದು. ಮನೆಯೊಳಗೆ ಪೆಟ್ಟು ತಿನ್ನುವ ಹೆಣ್ಣಿಗೆ, ಹೊರಗೆ ಹೇಳಬೇಡ, ಸಮುದಾಯದ ಮಾನ ಹೋಗುತ್ತದೆ ಎನ್ನುವುದು ರಕ್ಷಣೆಯಲ್ಲ, ಅದು ಅಪರಾಧಿಗೆ ಕೊಡುವ ಆಶ್ರಯ. ದಕ್ಷಿಣ ಭಾಗದ ಆ ಮಸೀದಿಯ ಸಹೋದರಿಯರು ಇದನ್ನು ನಮಗಿಂತ ಸ್ಪಷ್ಟವಾಗಿ ಬಲ್ಲರು. ಅವರ ಬಳಿ ಆಶ್ರಯಧಾಮಗಳ, ವಕೀಲೆಯರ, ಮನೋವೈದ್ಯರ ದೂರವಾಣಿ ಸಂಖ್ಯೆಗಳ ಪಟ್ಟಿಯಿದೆ. 911ಕ್ಕೆ ಕರೆ ಮಾಡಲೇಬೇಕಾದ ಸಂದರ್ಭಗಳು ಯಾವುವೆಂಬುದನ್ನೂ ಅವರು ಯುವತಿಯರಿಗೆ ತಿಳಿಸಿ ಹೇಳುತ್ತಾರೆ. ಬಂದೂಕು ಹೊರಬಂದಾಗ, ಮಗುವಿಗೆ ಪ್ರಾಣಾಪಾಯವಿದ್ದಾಗ, ಹೆಣ್ಣೊಬ್ಬಳು ಅಪಾಯದಲ್ಲಿರುವಾಗ ಹಿಂಜರಿಯಬಾರದು. ಮಾನಸಿಕ ಯಾತನೆಯಲ್ಲಿರುವವರಿಗಾಗಿ 2022ರ ಜುಲೈನಿಂದ 988 ಎಂಬ ಪ್ರತ್ಯೇಕ ಸಂಖ್ಯೆಯೂ ದೇಶಾದ್ಯಂತ ಇದೆ. ಕರೆ ಮಾಡಬೇಕೋ ಬೇಡವೋ ಎಂಬುದಕ್ಕಿಂತ, ಯಾರಿಗೆ ಕರೆ ಮಾಡಿದರೆ ಒಂದು ಜೀವ ಉಳಿಯುತ್ತದೆ ಎಂದು ಕೇಳಿಕೊಳ್ಳುವುದೇ ಸರಿಯಾದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕಾದರೆ ತಯಾರಿ ಮೊದಲೇ ಆಗಿರಬೇಕು. ನಮ್ಮ ಈಗಿನ ಕಟ್ಟಡದಲ್ಲಿ ಹನ್ನೆರಡು ಮನೆಗಳಿವೆ. ಎಲ್ಲರ ಹೆಸರೂ ದೂರವಾಣಿ ಸಂಖ್ಯೆಯೂ ಈಗ ನಮ್ಮಲ್ಲಿವೆ, ನಮ್ಮದು ಅವರಲ್ಲಿದೆ. ಕೆಳಗಿನ ಮನೆಯ ವೃದ್ಧೆಯ ಮಗನಿಗೆ ಮನಸ್ಸಿನ ಕಾಯಿಲೆಯಿದೆ. ಅವನು ಕೆಲವು ರಾತ್ರಿ ಮೆಟ್ಟಿಲ ಮೇಲೆ ಕುಳಿತು ಗಟ್ಟಿಯಾಗಿ ಮಾತನಾಡುತ್ತಾನೆ. ಅವನನ್ನು ಅರಿಯದವರಿಗೆ ಅದು ಭಯದ ಸದ್ದು. ಅವನ ಹೆಸರು ಹಿಡಿದು ಕರೆದು, ಒಂದು ಲೋಟ ಚಹಾ ಕೊಟ್ಟು, ತಾಯಿಯನ್ನು ಎಬ್ಬಿಸಿದರೆ ಹತ್ತು ನಿಮಿಷದಲ್ಲಿ ಶಾಂತನಾಗುತ್ತಾನೆ. ಮಸೀದಿಯಲ್ಲಿ ರಕ್ತಸ್ರಾವ ತಡೆಯುವ ಪ್ರಥಮ ಚಿಕಿತ್ಸೆಯ ತರಬೇತಿ ನಡೆದಾಗ ನಾವೂ ನಮ್ಮ ಮಕ್ಕಳೂ ಕಲಿತೆವು. ಇವೇನೂ ದೊಡ್ಡ ಸಾಧನೆಗಳಲ್ಲ. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿವರ್ಯರು(ಸ) ಎಷ್ಟು ಒತ್ತಿ ಹೇಳಿದ್ದಾರೆಂಬುದನ್ನು ಬಾಲ್ಯದಿಂದಲೂ ಕೇಳುತ್ತಾ ಬಂದವರು ಕನಿಷ್ಠ ಮಾಡಬೇಕಾದ ಕೆಲಸಗಳು ಮಾತ್ರ.

ಆದ್ದರಿಂದ ಅಮೆರಿಕದಲ್ಲಿರುವ, ಅಲ್ಲಿಗೆ ಮಕ್ಕಳನ್ನು ಕಳುಹಿಸುವ ನಮ್ಮ ಕುಟುಂಬಗಳಿಗೆ ಒಂದು ವಿನಂತಿ. ಹೊಸ ಮನೆಗೆ ಹೋದಾಗ 911 ಎಂಬ ಸಂಖ್ಯೆಯೊಂದಿಗೆ ಅಕ್ಕಪಕ್ಕದ ನಾಲ್ಕು ಹೆಸರುಗಳನ್ನೂ ಕಲಿಯಿರಿ. ಕಪ್ಪುವರ್ಣೀಯ ನೆರೆಯವನನ್ನು ಕಂಡು ಹೆದರುವ ಮೊದಲು ಸಲಾಮ್ ಹೇಳಿ, ಅಥವಾ ಶುಭಸಂಜೆ ಎನ್ನಿರಿ. ಅಂಗಡಿ ನಡೆಸುವವರು ನೋಟಿನ ಅನುಮಾನಕ್ಕೂ ಮಕ್ಕಳ ಚಿಲ್ಲರೆ ಕಳ್ಳತನಕ್ಕೂ ಏನು ಮಾಡಬೇಕೆಂದು ನೌಕರರೊಂದಿಗೆ ಇಂದೇ ಕುಳಿತು ನಿರ್ಧರಿಸಿ. ಅಂತಹ ನಷ್ಟವನ್ನು ನೌಕರನ ಸಂಬಳದಿಂದ ಕಡಿಯಬೇಡಿ, ವ್ಯಾಪಾರದ ಖರ್ಚಿಗೆ ಬರೆದುಕೊಳ್ಳಿ. ಒಂದು ಜೀವದ ಎದುರು ಇಪ್ಪತ್ತು ಡಾಲರ್ ಯಾವ ಲೆಕ್ಕ? ನಮ್ಮ ಕೈಯಿಂದಾಗಲಿ ನಾಲಿಗೆಯಿಂದಾಗಲಿ ನಾವು ಮಾಡುವ ಒಂದು ಕರೆಯಿಂದಾಗಲಿ ಯಾವ ನೆರೆಯವರಿಗೂ ಕೇಡಾಗದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.